ಹೆಸರು ಹೇಳದ ಎಂಜಲು

ಗ್ರಿಮ್ಸ್‌ಬಿಯಲ್ಲಿ ಜನವರಿ. ಬಂದರಿನ ಕಡೆಯಿಂದ
ಮೀನಿಗೆ ಹೊಗೆ ಹಾಕುವ ವಾಸನೆ.
ಮುದುಕರ ವಾರ್ಡಿನ ಬಾಗಿಲಿಗೆ ಕೆಂಪಕ್ಷರದ ಹಾಳೆ:
ಯಾರೂ ಒಳಗೆ ಬರಕೂಡದು.
ಓದು ಬಾರದ್ದು ಆಗಲೇ ಒಳಗಿತ್ತು.

ಸೋಮವಾರ ಡೋರೀನ್ ವಿಟ್‌ಲಮ್ ಚಹಾ ಒಲ್ಲೆ ಎಂದಳು.
ಮಂಗಳವಾರ ಆರು ಹಾಸಿಗೆ. ಬುಧವಾರ ನಮ್ಮವರೇ:
ಮನಿಲಾದ ಮಾರಿವಿಕ್, ಲಾಂಡ್ರಿಯ ಗ್ಯಾರೆತ್,
ಮುಖಕ್ಕೆ ಎರಡೆರಡು ಮಾಸ್ಕು ಕಟ್ಟಿದ್ದ ಚಿಕ್ಕ ಡಾಕ್ಟರೂ
ಬಕೆಟ್ಟು ಅಪ್ಪಿಕೊಂಡು ಕೂತುಬಿಟ್ಟರು.
ನಾನು ಮಾತ್ರ ನೆಟ್ಟಗೆ.
ಹದಿನಾಲ್ಕು ಚಳಿಗಾಲ, ಹೀಗೇ ನೆಟ್ಟಗೆ.

‘ಸೂಗೆ ಏನೂ ಆಗೋದಿಲ್ಲ, ಅವಳ ಹೆಸರು ಬರಕೊಳ್ಳಿ.’
(ಸುವಾರ್ತಾ ಅನ್ನುವುದು ಇವರ ನಾಲಿಗೆಯಲ್ಲಿ
ಇಷ್ಟೇ ಉಳಿದಿದೆ.)
ಏನೂ ಆಗದವಳಿಗೆ ರಾತ್ರಿ ಪಾಳಿ, ಭಾನುವಾರದ ಪಾಳಿ,
ಬ್ಲೀಚು, ಮಾಪು, ಹಳದಿ ಚೀಲದ ಗಂಟು.
ದೇವರ ಕೃಪೆ ಅಂದುಕೊಂಡಿದ್ದೆ.
ಬೆಟಗೇರಿಯ ನೀರು ಕುಡಿದ ಹೊಟ್ಟೆ, ಕಲ್ಲು ಹಾಕಿದರೂ ಕರಗೀತು
ಅಂತ ಮಾಪು ಹಿಂಡುತ್ತ ಒಬ್ಬಳೇ ನಕ್ಕಿದ್ದೂ ಇದೆ.

ಲೀಡ್ಸಿನಿಂದ ಇಮೊಜನ್ ಎಂಬ ಓದುವ ಹುಡುಗಿ ಬಂದಳು.
ಪುಟ್ಟ ಕೊಳವೆ ಚಾಚಿ, ದಯವಿಟ್ಟು ಇದರಲ್ಲಿ ಉಗುಳಿ ಎಂದಳು,
ಎಷ್ಟು ಮರ್ಯಾದೆಯಿಂದ ಎಂದರೆ
ನನ್ನ ಬಾಯಿ ಒಣಗಿತು.

ಕಾಗದ ಬಂದದ್ದು ಏಪ್ರಿಲ್‌ನಲ್ಲಿ.
ನಿಮ್ಮ ರಕ್ತ ಬಿ ಗುಂಪು. ಎಂಜಲಿನಲ್ಲಿ ಅದರ ಸುಳಿವಿಲ್ಲ.
ಬಹಳ ಜನರಲ್ಲಿ ಗುಂಪಿನ ಗುರುತಿನ ಸಕ್ಕರೆ
ರಕ್ತದಲ್ಲಷ್ಟೇ ನಿಲ್ಲದೆ ಜೊಲ್ಲಿಗೆ ಇಳಿಯುತ್ತದೆ,
ಕರುಳಿನ ಗೋಡೆಗೆ ಸುಣ್ಣದ ಹಾಗೆ ಹತ್ತಿಕೊಳ್ಳುತ್ತದೆ;
ವೈರಸ್ಸಿಗೆ ಅದೇ ಹಿಡಿಕೆ.
ನಿಮ್ಮಲ್ಲಿ ಒಂದು ಜೀನು ಸುಮ್ಮನಿದೆ. ಹಿಡಿಕೆ ಮೂಡಿಲ್ಲ.
ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ:
ವೈರಸ್ಸಿನ ಎಲ್ಲ ಜಾತಿಗಳಿಗೂ ಈ ಮಾತು ಸಲ್ಲದು.

ಎರಡು ಸಲ ಓದಿದೆ. ಬಸ್ಸು ತಪ್ಪಿತು.

ಚಿಕ್ಕಂದಿನಲ್ಲಿ ಹೊಲದ ಬದುವಿಗೆ ಹೋಗಿ ಬಂದರೆ
ಲಂಗದ ಅಂಚಿನ ತುಂಬ ಉತ್ತರಾಣಿ.
ಅದಕ್ಕೆ ಕಾಲಿಲ್ಲ, ಕಣ್ಣಿಲ್ಲ, ಹಗೆಯೂ ಇಲ್ಲ;
ಹಾದುಹೋಗುವ ನೂಲೊಂದು ಸಾಕು.
ಇದೂ ಹಾಗೆಯೇ ನನ್ನ ಕರುಳಿನ ಓಣಿಯುದ್ದಕ್ಕೂ
ಅಂಚು ಹುಡುಕಿ ಹುಡುಕಿ,
ಸಿಗದೆ, ಹೊರಗೆ ಬಿದ್ದು ಹೋಗಿರಬೇಕು.

ಆಮೇಲೆ ಇನ್ನೊಂದು ನೆನಪು, ಕರೆಯದೆಯೇ.
ಅಜ್ಜಿಯ ಕೈ ಹಿಡಿದು ಚಹಾದಂಗಡಿ.
ನಮ್ಮ ಲೋಟ ಬೇರೆ, ಗೋಡೆಯ ಮೊಳೆಗೆ.
ನೀರು ಮೇಲಿನಿಂದ, ಬೊಗಸೆಗೆ.
ದೀಕ್ಷಾಸ್ನಾನವಾಗಿ ಎರಡು ತಲೆಮಾರು ಕಳೆದಿತ್ತು,
ಅಜ್ಜನ ಹೆಸರು ಬೈಬಲ್ಲಿನದು,
ಆದರೂ ನಮ್ಮ ಎಂಜಲು ಊರಿಗೆಲ್ಲ ನಮ್ಮ ಹೆಸರು ಹೇಳುತ್ತಿತ್ತು,
ನಾವು ಬಾಯಿ ತೆರೆಯುವ ಮೊದಲೇ.
ಈಗ ಈ ಕಾಗದ ಹೇಳುತ್ತದೆ,
ಅದು ಮೂಗಿಯಂತೆ. ಹುಟ್ಟಾ ಮೂಗಿ.
ಕೇಳುತ್ತ ಬಾಗಿಲಿಗೆ ಬಂದವರಿಗೂ ಏನೂ ಹೇಳದಂತೆ.

ಮನೆಗೆ ಬಂದರೆ ಬಚ್ಚಲಲ್ಲಿ ಮಗ, ತಣ್ಣನೆ ನೆಲಕ್ಕೆ ಕೆನ್ನೆಯಿಟ್ಟು.
ನನ್ನ ಸಮವಸ್ತ್ರ ತಂದದ್ದೋ, ಶಾಲೆಯ ನಲ್ಲಿ ತಂದದ್ದೋ.
ಅವನಿಗೆ ಅಪ್ಪನ ಸಕ್ಕರೆ ಬಂದಿದೆ, ಗೋಡೆ ತುಂಬ ಹಿಡಿಕೆ.
‘ಯವ್ವಾ, ನಿನಗ್ಯಾಕ ಬರಂಗಿಲ್ಲ?’ ಎಂದ.
ಮೈ ಕಾದಾಗಷ್ಟೇ ಅವನಿಗೆ ಕನ್ನಡ.
ಉಪ್ಪು-ಸಕ್ಕರೆ ನೀರು ಚಮಚ ಚಮಚವಾಗಿ,
ಆಮೇಲೆ ಲೋಟ ಅವನೇ ಎತ್ತಿ ಅರ್ಧ ಕುಡಿದ.
ಮಿಕ್ಕದ್ದು ನಾನು ಕುಡಿದೆ, ಅವನು ಬಾಯಿಟ್ಟ ಕಡೆಯಿಂದಲೇ.

ಫೋನು. ವಾರ್ಡಿನ ಸಿಸ್ಟರು.
ಮತ್ತೆ ಎರಡು ಹಾಸಿಗೆ, ಸೂ. ರಾತ್ರಿ ಬರುತ್ತೀಯಲ್ಲ?

ಇಲ್ಲ, ಎಂದೆ. ನನಗೂ ಹಿಡಿದಿದೆ.
ಆ ಕಡೆ ಅವಳು ನಂಬಲಾರದೆ ಸುಮ್ಮನಾದಳು.
ಈ ಕಡೆ ನಾನು, ಬೇಕಂತಲೇ,
ಒಂದು ಸಲ ಕೆಮ್ಮಿದೆ. ಹೊಟ್ಟೆಯ ರೋಗಕ್ಕೆ
ಕೆಮ್ಮು ಯಾಕೆಂದು ಆಮೇಲೆ ಹೊಳೆಯಿತು.